ಹಾಲಿನ ಸಂಘದ ಕಾರ್ಡು

ಮೊದಲು ಗೊತ್ತಾಗಿದ್ದು ಹೊಲಿಗೆ ಮೆಷಿನ್ ತುಳಿಯುವಾಗ. ಏದುಸಿರು ಬಂತು.

ಒಂದು ರವಿಕೆ ಮುಗಿಸುವಷ್ಟರಲ್ಲಿ ನಾಲ್ಕು ಸಲ ಕಾಲು ನಿಲ್ಲಿಸಿದೆ. ಸೆಕೆಗೆ ಇರಬೇಕು ಅಂದುಕೊಂಡೆ. ಹದಿನೈದು ವರ್ಷ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವಳಿಗೆ ಮೆಷಿನ್ ತುಳಿಯುವುದು ಒಂದು ಕೆಲಸವೇ ಅಲ್ಲ. ಆದರೆ ವಾರ ಕಳೆಯುವುದರೊಳಗೆ ಹೆಮ್ಮಾಡಿ ಪೇಟೆಯಿಂದ ಮನೆಗೆ ಬರುವ ಏರಿನಲ್ಲಿ ಮೂರು ಕಡೆ ನಿಂತು ಬರುವ ಹಾಗಾಯಿತು. ಜೊತೆಗಿದ್ದ ಗಂಡ ಮಂಜುನಾಥ ನನ್ನ ಮುಖ ನೋಡಿ, ಮನೆಗೆ ಹೋಗುವ ಬದಲು ಪೇಟೆಯಲ್ಲಿ ನಿಲ್ಲಿಸಿದ್ದ ತಮ್ಮ ಗೂಡ್ಸ್ ಟೆಂಪೋ ಹತ್ತಿಸಿ ಸೀದಾ ಕುಂದಾಪುರಕ್ಕೆ ಕರೆದುಕೊಂಡು ಹೋದರು.

ಡಾಕ್ಟರು ತುಂಬ ಹೊತ್ತು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. "ಸಣ್ಣವರಿದ್ದಾಗ ಜ್ವರ ಬಂದು ಮೊಣಕಾಲು ಬಾತಿತ್ತಾ?"

ಬಾತಿತ್ತು. ಐದನೇ ಕ್ಲಾಸಿನಲ್ಲಿ. ಅಮ್ಮ ಸೊಪ್ಪು ಅರೆದು ಹಚ್ಚಿದ್ದಳು. ಹೋಯಿತು ಅಂದುಕೊಂಡಿದ್ದೆವು.

ಹೋಗಿರಲಿಲ್ಲ.

ಎಕೋ ಸ್ಕ್ಯಾನ್ ಮಾಡಿಸಿದಾಗ, ಆ ಜ್ವರದಿಂದಲೇ ಹೃದಯದ ಮೈಟ್ರಲ್ ವಾಲ್ವ್ ತೀರಾ ಕಿರಿದಾಗಿದೆ ಎಂದು ತಿಳಿಯಿತು. ತೊಡೆಯ ನರದಿಂದ ಬಲೂನ್ ಕಳಿಸಿ ಅಗಲ ಮಾಡಬೇಕು, ಎದೆ ಕುಯ್ಯಬೇಕಾಗಿಲ್ಲ ಎಂದರು. "ಮಾತ್ರೆಯಲ್ಲಿ ಮೂರ್ನಾಲ್ಕು ತಿಂಗಳು ತಳ್ಳಬಹುದು. ವರ್ಷಗಟ್ಟಲೆ ಆಗುವುದಿಲ್ಲ. ಇನ್ಶೂರೆನ್ಸ್ ಏನಾದರೂ ಇದೆಯಾ?"

ಇತ್ತು. ಕಾರ್ಖಾನೆ ಇದ್ದಷ್ಟು ದಿನ.

ಚಿಕಿತ್ಸೆಗೆಂದು ಕಾರ್ಖಾನೆಯಲ್ಲಿ ಕೊಟ್ಟಿದ್ದ ಆ ಕಾರ್ಡಿನ ಬಗ್ಗೆ ನಾನು ಯಾವತ್ತೂ ಯೋಚಿಸಿದವಳಲ್ಲ. ಎರಡು ಹೆರಿಗೆ ಅದರಲ್ಲೇ ಆಯಿತು, ಮಗಳ ಟೈಫಾಯ್ಡ್ ಅದರಲ್ಲೇ ಹೋಯಿತು. ಕಾರ್ಖಾನೆ ಮುಚ್ಚಿದಾಗ ನಾವು ಹೆಂಗಸರೆಲ್ಲ ಸಂಬಳ ಹೋಯಿತೆಂದು ಅತ್ತೆವೇ ಹೊರತು ಕಾರ್ಡು ಹೋಯಿತೆಂದು ಒಬ್ಬಳೂ ಅಳಲಿಲ್ಲ. ಮನೆಯಲ್ಲೇ ಹೊಲಿಯುವವಳಿಗೆ, ಸ್ವಂತ ಟೆಂಪೋ ಓಡಿಸುವವರಿಗೆ ಅಂಥದೊಂದು ಕಾರ್ಡು ಕೊಡುವವರು ಯಾರು?

ಪರಿಚಯದ ಇನ್ಶೂರೆನ್ಸ್ ಏಜೆಂಟರೊಬ್ಬರು ಮನೆಗೆ ಬಂದರು. ಇದ್ದ ಕಾಯಿಲೆಗೆ ಕೆಲವು ವರ್ಷ ಏನೂ ಸಿಗುವುದಿಲ್ಲ ಎಂದು ಅವರೇ ಹೇಳಿದರು. ಆಮೇಲೆ ಅರ್ಜಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆ.

"ಇಲ್ಲಿ ಇಲ್ಲ ಅಂದ್ ಬರದ್ ಬಿಡಿ. ಯಾರ್ ಕಾಂತ್ರ್, ಯಾರ್ ನೋಡ್ತ್ರ್?"

ಗಂಡ ಪೆನ್ನು ಹಿಡಿದು ನನ್ನ ಮುಖ ನೋಡಿದರು. "ಬರೆಯೂದಾ?"

ನನಗೂ ಆಸೆಯಾಯಿತು. ಆಗಲಿಲ್ಲವೆಂದರೆ ಸುಳ್ಳು. ಒಂದೇ ಶಬ್ದ ಬರೆದರೆ ಬದುಕಬಹುದು ಅನ್ನಿಸಿದ ಗಳಿಗೆ ಅದು.

"ಬ್ಯಾಡ," ಅಂದೆ. "ನಾಳೆ ಆಸ್ಪತ್ರೆಯಗೆ ಕಾಯಿಲೆ ಬಂದ್ ಎಷ್ಟ್ ದಿನ ಆಯ್ತ್ ಅಂದ್ ಕೇಂಡ್ರೆ ನಾ ಎಂತ ಹೇಳುದ್?"

ಏಜೆಂಟರು ಚಾ ಕುಡಿದು ಹೋದರು. ಇವರು ಜಗಲಿಯಲ್ಲಿ ಕೂತರು.

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದ ಅತ್ತೆ ಹಾಲಿನ ಕ್ಯಾನು ತೊಳೆಯುತ್ತಲೇ ನನ್ನನ್ನು ಕರೆದು ಹೇಳಿದರು. "ಹೆಣೆ, ನಮ್ ಹಾಲಿನ ಸಂಘದಗೆ ಎಂತದೋ ಕಾರ್ಡ್ ಮಾಡ್ತ್ರ್ ಅಂಬ್ರ್. ಆಪರೇಷನ್ ಆರೆ ದುಡ್ಡ್ ಸಿಕ್ಕತ್ತಂಬ್ರ್. ಕೇಂಡ್ ಕಾಂಬನಾ?"

ಅತ್ತೆಗೆ ಒಂದು ದನವಿತ್ತು. ಎರಡು ಹೊತ್ತೂ ಸಂಘಕ್ಕೆ ಹಾಲು ಹಾಕುತ್ತಿದ್ದರು. ದನ ಬತ್ತುವ ಹೊತ್ತಿಗೆ ಬರೀ ಅರ್ಧ ಲೀಟರ್ ಸಿಕ್ಕಿದರೂ ಅದನ್ನೇ ಹಿಡಿದು ಗದ್ದೆ ದಾಟಿ ಹೋಗುತ್ತಿದ್ದರು. ಮಕ್ಕಳ ಚಾಕ್ಕಾದರೂ ಇಟ್ಟುಕೊಳ್ಳಬಾರದಾ ಎಂದು ನಾನು ಎಷ್ಟು ಸಲ ಗೊಣಗಿದ್ದೇನೋ.

ಮರುದಿನ ಬೆಳಿಗ್ಗೆ ಮೂವರೂ ಸಂಘಕ್ಕೆ ಹೋದೆವು. ಸೆಕ್ರೆಟರಿ ಶೀನಣ್ಣ ಪುಸ್ತಕ ತೆಗೆದು ಅತ್ತೆಯ ಲೆಕ್ಕ ನೋಡಿದರು. "ನಾಗಕ್ಕ, ನೀವ್ ಮೆಂಬರ್. ಅರ್ಧ ಲೀಟರ್ ಹಾಕಿದ್ದ್ ದಿನವೂ ಸೇರಿ ಲೆಕ್ಕಕ್ಕೆ ಸಾಕಾತ್ತ್. ಮನಿಯರ್ ಎಲ್ಲ ಸೇರುಕ್ ಆತ್ತ್."

"ಮೊದ್ಲೇ ಇದ್ದ್ ಕಾಯಿಲೆಗೂ ಆತ್ತಾ?" ಇವರು ಪುಸ್ತಕದ ಮೇಲೆ ಬಗ್ಗಿ ಕೇಳಿದರು.

"ಪಟ್ಟಿಯಗೆ ಇದ್ದ್ ಆಪರೇಷನ್ ಆರೆ ಆತ್ತ್. ಹಳೇದಾ ಹೊಸದಾ ಅಂದ್ ಕೇಂಬುದಿಲ್ಲ."

ಪಟ್ಟಿಯಲ್ಲಿ ಬಲೂನ್ ಇತ್ತು. ನಮ್ಮಿಂದ ಕಟ್ಟಬಹುದಾದ ವಂತಿಗೆಯೇ. ಆದರೆ ಕಾರ್ಡು ಜಾರಿಗೆ ಬರಲು ಇನ್ನೂ ಎರಡು ತಿಂಗಳಿತ್ತು.

ಆ ಎರಡು ತಿಂಗಳು ಕಾಯುವುದೇ ನನ್ನ ಕೆಲಸವಾಯಿತು. ಉಪ್ಪು ಬಿಟ್ಟೆ. ಅತ್ತೆ ಕೊಡಪಾನ ಮುಟ್ಟಲು ಬಿಡಲಿಲ್ಲ. ತುಳಿಯಬಾರದೆಂದು ಇವರು ಮೆಷಿನ್‌ಗೆ ಮೋಟಾರು ಕೂರಿಸಿದರು. ಒಂದು ಮಧ್ಯಾಹ್ನ ಕೆಮ್ಮಿದಾಗ ಕರ್ಚೀಪಿನಲ್ಲಿ ಕೆಂಪು ಗೆರೆ.

ಇನ್ನೂ ಹದಿನೇಳು ದಿನ ಉಳಿದಿತ್ತು.

ಡಾಕ್ಟರು ಮಾತ್ರೆ ಹೆಚ್ಚಿಸಿ, ತಡೆಯಲಾಗದಿದ್ದರೆ ತಕ್ಷಣ ಬನ್ನಿ ಎಂದರು. ತಡೆದುಕೊಂಡೆ. ತಡೆದದ್ದು ನಾನೋ ಮಾತ್ರೆಯೋ ಗೊತ್ತಿಲ್ಲ.

ಕಾರ್ಡು ಜಾರಿಯಾದ ವಾರವೇ ದೊಡ್ಡ ಆಸ್ಪತ್ರೆಯಲ್ಲಿ ಅಡ್ಮಿಟ್ ಆದೆ. ಅಲ್ಲಿ ಕೌಂಟರಿನ ಹುಡುಗಿ ಕಾಗದ ತಿರುಗಿಸಿ ನೋಡಿ, "ಸಂಘದ ಸೀಲ್ ಇಲ್ಲ. ಅದಿಲ್ಲದೆ ಅಪ್ರೂವಲ್‌ಗೆ ಕಳಿಸಲಿಕ್ಕೆ ಆಗುವುದಿಲ್ಲ" ಎಂದಳು. ಗಡಿಬಿಡಿಯಲ್ಲಿ ನಾವ್ಯಾರೂ ನೋಡಿರಲಿಲ್ಲ. ಇವರು ಎಸ್‌ಟಿಡಿ ಬೂತಿನಿಂದ ಸಂಘಕ್ಕೆ ಫೋನು ಮಾಡಿದರು. ವಾಪಸ್ ಹೋಗಿ ಬರಬೇಕೆಂದು ಹೊರಟೂ ನಿಂತಿದ್ದರು.

"ಅಲ್ಲೇ ಕೂಕಣಿ, ನಾನೇ ಬತ್ತೆ," ಅಂದರಂತೆ ಶೀನಣ್ಣ.

ಎರಡು ಬಸ್ಸು ಬದಲಿಸಿ ಅವರು ಬಂದರು. ಸೀಲನ್ನೂ ಇಂಕ್ ಪ್ಯಾಡನ್ನೂ ಟವೆಲ್ಲಿನಲ್ಲಿ ಸುತ್ತಿ ಬಗಲಲ್ಲಿ ಹಿಡಿದಿದ್ದರು. ಕೌಂಟರಿನ ಮೇಲೆಯೇ ಸೀಲ್ ಒತ್ತಿ, ಸಹಿ ಹಾಕಿ, ಸಂಜೆ ಹಾಲಿನ ಹೊತ್ತಿಗೆ ಸಂಘದ ಬಾಗಿಲು ತೆರೆಯಬೇಕೆಂದು ಒಂದು ಲೋಟ ಚಾ ಕೂಡ ಕುಡಿಯದೆ ಹೊರಟುಹೋದರು. ನಾನು ಕೈ ಮುಗಿದೆ. ಅವರು ನೋಡಲಿಲ್ಲ.

ಮರುದಿನ ಅಪ್ರೂವಲ್ ಬಂತು.

ಬಲೂನ್ ಹಾಕುವಾಗ ಎಚ್ಚರವಿದ್ದೆ. ತೊಡೆಯ ಹತ್ತಿರ ಚುಚ್ಚಿದ್ದು ಗೊತ್ತಾಯಿತು. ಎದೆ ಒಂದು ಕ್ಷಣ ಹಿಡಿದ ಹಾಗಾಯಿತು, ಆಮೇಲೆ ಬಿಟ್ಟಿತು. "ಈಗ ಉಸಿರು ಎಳೆದುಕೊಳ್ಳಿ," ಎಂದರು ಡಾಕ್ಟರು. ಎಳೆದೆ. ಎಷ್ಟೋ ತಿಂಗಳಿಂದ ಗಂಟಲ ಹತ್ತಿರವೇ ನಿಲ್ಲುತ್ತಿದ್ದ ಉಸಿರು ಕೆಳಗಿನವರೆಗೂ ಹೋಯಿತು. ಕಣ್ಣೀರು ಕಿವಿಯೊಳಗೆ ಇಳಿಯಿತು. ನೋವಾಯಿತಾ ಎಂದು ನರ್ಸ್ ಕೇಳಿದಳು. ಇಲ್ಲವೆಂದು ತಲೆ ಆಡಿಸಿದೆ.

ವಾಸಿಯಾಯಿತು ಎಂದು ಬರೆಯಲು ಹೆದರಿಕೆ. ವಾಲ್ವ್ ಮತ್ತೆ ಕಿರಿದಾಗಬಹುದು, ವರ್ಷಕ್ಕೊಮ್ಮೆ ಎಕೋ ಬಿಡಬೇಡಿ ಎಂದಿದ್ದಾರೆ. ಆ ಜ್ವರ ಮತ್ತೆ ಬಾರದಂತೆ ಮೂರು ವಾರಕ್ಕೊಂದು ಇಂಜೆಕ್ಷನ್ ಇದೆ. ಕಾರ್ಡನ್ನೂ ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು. ಈ ಯೋಜನೆ ಎಷ್ಟು ವರ್ಷ ಇರುತ್ತದೋ ಶೀನಣ್ಣನಿಗೂ ಗೊತ್ತಿಲ್ಲ. ಇರುವಷ್ಟು ದಿನ ಇರಲಿ.

ಈ ಸಲ ಅತ್ತೆ ನನ್ನನ್ನೇ ಸಂಘದ ಮೆಂಬರ್ ಮಾಡಿಸಿದರು. "ನಾ ಎಷ್ಟ್ ದಿನ ಇಪ್ಪುದ್? ನಿನ್ ಹೆಸ್ರಗೂ ಒಂದ್ ಇರ್ಲಿ," ಅಂದರು. ಹಾಲು ಕರೆಯಲು ಈಗ ಕಲಿಯುತ್ತಿದ್ದೇನೆ. ದನಕ್ಕೆ ನನ್ನ ಕೈ ಇನ್ನೂ ಹಿಡಿಸಿಲ್ಲ.

ಹೋದ ತಿಂಗಳು ಜಲಜ ರವಿಕೆ ಹೊಲಿಸಲು ಬಂದಿದ್ದಳು. ಕಾರ್ಖಾನೆಯಲ್ಲಿ ನನ್ನ ಜೊತೆ ಹಂಚು ಹೊತ್ತವಳು, ಈಗ ಕುಂದಾಪುರದ ಕೋಡಿಯಲ್ಲಿ ಮೀನು ಮಾರುತ್ತಾಳೆ. ಮೀನು ಮಾರುವ ಹೆಂಗಸರ ಸಹಕಾರಿ ಸಂಘದಲ್ಲೂ ಇದೇ ಕಾರ್ಡು ಮಾಡಿಸುತ್ತಾರೆ ಎಂದು ಹೇಳಿದೆ.

"ನಂಗ್ ಎಂತದೂ ಕಾಯಿಲೆ ಇಲ್ಲೆ, ಮಾರಾಯ್ತಿ."

"ಕಾಯಿಲೆ ಇಲ್ಲದೆ ಇಪ್ಪ ಹೊತ್ತಿಗೇ ಮಾಡ್ಸುಕ್," ಅಂದೆ.

ಅವಳು ನಕ್ಕು ಹೋದಳು. ವಾರ ಬಿಟ್ಟು ರವಿಕೆ ಒಯ್ಯಲು ಬಂದವಳು, ತನ್ನದೂ ಗಂಡನದೂ ಎರಡೆರಡು ಫೋಟೋ ಮೇಜಿನ ಮೇಲಿಟ್ಟಳು. "ಅರ್ಜಿಯೂ ತಕಂಡ್ ಬಂದೆ. ನಂಗ್ ಬರೆಯೂಕ್ ಬತ್ತಿಲ್ಲೆ, ನೀನೇ ತುಂಬ್."

ಕತ್ತರಿ ಬದಿಗಿಟ್ಟು ಅವಳಿಗೆ ಸ್ಟೂಲು ಎಳೆದು ಕೊಟ್ಟೆ.