ಕೋಟು ಬಿಚ್ಚಿಟ್ಟ ಮೆಕ್ಯಾನಿಕ್

ನಮ್ಮ ಲಿಂಗಪ್ಪ ಮಾವನಷ್ಟು ಪುಕ್ಕಲು ಮನುಷ್ಯ ಕುಮಟಾ ತಾಲೂಕಿನಲ್ಲೇ ಇರಲಿಲ್ಲ. ಬಸ್ಸು ಹೊರಡಲು ಎರಡು ತಾಸಿದ್ದರೂ ಹೋಗಿ ನಿಲ್ಲುವ ಜಾತಿ. ಅಂಥವನು 1962ರ ಜನವರಿ ಕೊನೆಯಲ್ಲಿ ಹೊಲಿಗೆ ಮಷಿನ್ ಕಂಪನಿಯ ನೌಕರಿ ಬಿಟ್ಟುಬಂದ ಎಂದರೆ ಯಾರು ನಂಬಬೇಕು? ಅವನ ಅಕ್ಕ, ಅಂದರೆ ನನ್ನ ಅಮ್ಮ, ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು.

ಹನ್ನೊಂದು ವರ್ಷ ಅವನು ಆ ಕಂಪನಿಯ ಕುಮಟಾ ಅಂಗಡಿಯಲ್ಲಿ ಮೆಕ್ಯಾನಿಕ್. ಖಾಕಿ ಕೋಟು ಹಾಕಿಕೊಂಡು ಅಘನಾಶಿನಿಯಿಂದ ಭಟ್ಕಳದವರೆಗೆ ಮನೆಮನೆ ತಿರುಗಿ ಮಷಿನ್ ರಿಪೇರಿ ಮಾಡುತ್ತಿದ್ದ. ಆಗ ಹೊಸ ಮ್ಯಾನೇಜರ್ ಬಂದು ಹುಕುಂ ಮಾಡಿದ: ಹಳೆಯ ಮಷಿನ್ ಕಂಡರೆ ಬಿಚ್ಚಲೇಬೇಡ, ಇದರ ಕಥೆ ಮುಗಿಯಿತು ಎಂದು ಹೇಳಿ ಹೊಸದಕ್ಕೆ ಆರ್ಡರ್ ತಾ. ನಾಲ್ಕು ಹನಿ ಎಣ್ಣೆ ಬಿಟ್ಟರೆ ಓಡುವ ಮಷಿನ್ನನ್ನು ಸತ್ತಿದೆ ಎನ್ನಲು ಮಾವನಿಗೆ ಬಾಯಿ ಬರಲಿಲ್ಲ. ಸ್ವಂತವಾಗಿ ತಿರುಗಿ ರಿಪೇರಿ ಮಾಡುತ್ತೇನೆ ಎಂದು ಕೋಟು ಬಿಚ್ಚಿಟ್ಟು ಬಂದ. ರಂಜಾನ್ ಹಬ್ಬದೊಳಗೆ ಬುದ್ಧಿ ಬಂದರೆ ನಿನ್ನ ಜಾಗ ಇದೆ ಎಂದು ಮ್ಯಾನೇಜರ್ ನಕ್ಕನಂತೆ.

ಮಾವನಿಗೆ ಬುದ್ಧಿ ಬರಲಿಲ್ಲ, ಹೆದರಿಕೆ ಬಂತು. ಹೊನ್ನಾವರದ ದರ್ಜಿಗಳು, ಇಷ್ಟು ವರ್ಷ ಕರೆದು ಚಹಾ ಕುಡಿಸಿದವರೇ, "ಕಂಪನಿ ಬಿಟ್ಯಂತೆ, ಎಂತ ಮಾಡ್ಕಂಡೆ?" ಎಂದು ಕೇಳಿದರು. ಕಳ್ಳತನ ಮಾಡದೆ ಯಾರಾದರೂ ನೌಕರಿ ಬಿಡುತ್ತಾರೆಯೇ! ಒಬ್ಬರೂ ಅವನ ಕೈಗೆ ಮಷಿನ್ ಕೊಡಲಿಲ್ಲ. ಊಟ ಸೇರದೆ, ನಿದ್ದೆ ಹತ್ತದೆ ಮಾವ ಒಂದು ತಿಂಗಳಲ್ಲಿ ಅರ್ಧ ಆದ. ಕಡೆಗೆ ಅವನ ಹೆಂಡತಿ ಮಾದೇವಿ ಅತ್ತೆ ಹೇಳಿಯೇಬಿಟ್ಟಳು: "ಹೀಂಗೆ ಹೆದರ್ಕಂಡು ಸಾಯೂದಕ್ಕಿಂತ ಹೋಗಿ ಆ ಕೋಟು ಹಾಕ್ಕಳ್ಳಿ."

"ಭಟ್ಕಳ ಒಂದು ನೋಡ್ಕಂಡು ಬತ್ತೆ," ಎಂದ ಮಾವ. "ಅಲ್ಲೂ ಆಗದಿದ್ರೆ ಆತು, ನಾಳೆನೇ ಕೋಟು."

ಹಬ್ಬಕ್ಕೆ ಮೂರು ದಿನವಿತ್ತು. ಹೊನ್ನಾವರದಲ್ಲಿ ಹೊಳೆ ದಾಟಿಸುವ ತಾರಿ ದೋಣಿಯ ಅಂಚನ್ನು ಅವನು ಎರಡೂ ಕೈಯಲ್ಲಿ ಹಿಡಿದು ಕೂತ. ಹೊಳೆಯಲ್ಲಿ ಒಂದು ತೆರೆಯೂ ಇರಲಿಲ್ಲ.

ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ಹೆಂಗಸರು ಹೊರಗಿನ ಗಂಡಸರ ಎದುರು ಬರುವುದಿಲ್ಲ. ಮಷಿನ್ ಒಳಗೆ, ಮೆಕ್ಯಾನಿಕ್ ಜಗಲಿಯಲ್ಲಿ, ನಡುವೆ ಪರದೆ. ಅವರು ಒಳಗೆ ತುಳಿಯಬೇಕು, ಮಾವ ಹೊರಗೆ ಕೂತು ಸದ್ದು ಕೇಳಿ ರೋಗ ಹೇಳಬೇಕು. ಆಮೇಲೆ ಬೇಕಾದ ಭಾಗ ಪರದೆಯಡಿ ಸರಿದು ಬರುತ್ತಿತ್ತು. ನೆರೆಹೊರೆಗೆ ಬಟ್ಟೆ ಹೊಲಿದುಕೊಡುವ ಬೀಬಿಯಮ್ಮನ ಹಳೇ ಮಷಿನ್ನನ್ನು ಅವನು ಮೊದಲಿಂದಲೂ ನೋಡಿಕೊಂಡದ್ದು ಹೀಗೆಯೇ. ಆಕೆಯ ಮುಖ ಕಂಡವನಲ್ಲ.

ಬೀಬಿಯಮ್ಮನ ಜಗಲಿ ಹತ್ತಿ ಮಾವ ಚೀಲ ಇಳಿಸಿದ. "ಯಾರು?" ಎಂದು ಒಳಗಿನಿಂದ ಕೇಳಿದ್ದೇ ತಡ, "ಲಿಂಗಪ್ಪ, ಕಂಪನಿಯಿಂದ" ಎಂದುಬಿಟ್ಟ. ಸುಳ್ಳು ಹೇಳಲಾರೆ ಎಂದು ನೌಕರಿ ಬಿಟ್ಟ ಮಹಾನುಭಾವ!



"ಕಂಪನಿಯವ ಮಂಗಳವಾರ ಬಂದಿದ್ದನಲ್ಲ," ಎಂದಿತು ಪರದೆ. "ಕಾರವಾರದವ. ಮಷಿನ್ ಸತ್ತದೆ, ಹೊಸದು ತಕೊಳ್ಳಿ ಅಂದ. ತುಳಿಸಿ ಕೇಳಲೂ ಇಲ್ಲ. ನೀನೂ ಅದೇ ಹೇಳ್ಲಿಕ್ಕೆ ಬಂದ್ಯಾ?"

ಇದೊಂದು ಬಾಗಿಲೂ ಹೋಯಿತು ಎಂದುಕೊಂಡ ಮಾವ. ಅವತ್ತಿನಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ ಎಂದು ನಮಗೆ ಎಷ್ಟೋ ಸಲ ಹೇಳಿದ್ದಾನೆ.

"ಕಂಪನಿ ಬಿಟ್ಟು ಒಂದು ತಿಂಗಳಾತು ಬೀಬಿಯಮ್ಮ. ಹೆದರಿ ಸುಳ್ಳು ಹೇಳ್ದೆ," ಎಂದು ಚೀಲ ಹೆಗಲಿಗೇರಿಸಿದ.

"ಎಲ್ಲಿ ಹೊರಟೆ? ಕೂತ್ಕೊ. ಕಂಪನಿಯವ ಆಗಿದ್ರೆ ಎದ್ದು ಹೋಗು ಹೇಳ್ತಿದ್ದೆ. ಮೂರು ಮನೆ ಮಕ್ಕಳ ಹಬ್ಬದ ಅಂಗಿ ಬಾಕಿ ಅದೆ."

ಒಳಗೆ ಮಷಿನ್ ತುಳಿಯುವ ಸದ್ದು ಶುರುವಾಯಿತು. ಮಾವ ಕಿವಿಗೊಟ್ಟ. ಎದೆ ಹೊಡೆದುಕೊಳ್ಳುವ ಸದ್ದಿನಲ್ಲಿ ಅವನಿಗೆ ಬೇರೇನೂ ಕೇಳಿಸಲಿಲ್ಲ.

"ಇನ್ನೊಂದ್ ಸಲ ತುಳೀರಿ," ಎಂದ.