ಬಂದವರಿಗೆ ಕೊಡುವ ನೀರು

ಇಲಾಖೆಯ ಕೆಲಸದ ಮೇಲೆ, ಬೋರ್‌ವೆಲ್ ನೀರಿನ ಪರೀಕ್ಷೆಗೆಂದು ಹಂಸಭಾವಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಗೋವಿನಜೋಳಕ್ಕೆ ಸುರಿದ ಯೂರಿಯಾ ನೆಲಕ್ಕಿಳಿದು ನೀರು ಕೆಟ್ಟಿದೆಯೆಂದು ಸಾಬೀತಾದರೆ, ಗೊಬ್ಬರ ಕಡಿಮೆ ಮಾಡಿ ಬದುವಿಗೆ ಹುಲ್ಲು ಹಚ್ಚುವ ರೈತರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಬಿಸಿಲಲ್ಲಿ ಹೊಲ ಹೊಲ ಅಲೆಯುವವರು ಯಾರು? ಮನೆಗೊಂದು ಖಾಲಿ ಬಾಟಲಿ ಹಂಚಿ, ಬೋರಿನ ನೀರು ತುಂಬಿಸಿ ಕೊಡಿ ಎಂದು ಹೇಳಿ ಗುಡಿಕಟ್ಟೆಯ ಮೇಲೆ ಕೂತೆ.

ವಾರದ ನಂತರ ಫಲಿತಾಂಶ ಬಂತು. ಅಷ್ಟೂ ಬಾಟಲಿಯಲ್ಲಿ ಒಂದೇ ನೀರು, ಕೊಳೆಯೇ ಇಲ್ಲ! ಅನುಮಾನ ಬಂದು ಮತ್ತೆ ಹೋದೆ. ಬಾಟಲಿ ತುಂಬಿಸಿ ಕೊಟ್ಟವರಲ್ಲಿ ಒಬ್ಬಳಾದ ಗಂಗವ್ವ ಮನೆಯಲ್ಲೇ ಸಿಕ್ಕಳು.

“ಅಕ್ಕಾರ, ಅದು ನಿಮ್ಮ ಬೋರಿನ ನೀರ ಏನ್ರಿ?”

“ಅಯ್ಯ, ಬೋರಿಂದು ಹೆಂಗ ಕೊಡೂದ್ರಿ ಸಾಹೇಬ್ರ? ಅದನ್ನ ನಾವ ಬಾಯಾಗ ಹಾಕೂದಿಲ್ಲ. ಫಿಲ್ಟರ್ ಘಟಕದಾಗ ಐದು ರೂಪಾಯಿ ನಾಣ್ಯ ಹಾಕಿ, ಎಲ್ಲಾರ ಬಾಟ್ಲಿನೂ ಅಲ್ಲೇ ತುಂಬಿಸೇವಿ.”

“ಹೊಲಸು ನೀರು ಕೊಟ್ಟಿದ್ರ ಊರಿಗೆ ರೊಕ್ಕ ಬರ್ತಿತ್ತಲ್ರಿ!”

“ಬಂದವರ ಕೈಯಾಗ ರೊಕ್ಕಕ್ಕಂತ ಹೊಲಸು ನೀರು ಕೊಡೂದ? ಊರಿಗೆ ಮರ್ಯಾದಿ ಬ್ಯಾಡೇನ್ರಿ?” ಎಂದು ನನ್ನನ್ನೇ ಗದರಿ ಚಹಾ ಕೊಟ್ಟಳು.

ಇನ್ನೊಮ್ಮೆ ಪರೀಕ್ಷಿಸೋಣವೆಂದು ಕಚೇರಿಗೆ ಬರೆದೆ. ಶುದ್ಧವೆಂದು ದಾಖಲಾದ ನೀರನ್ನು ಮತ್ತೆ ಪರೀಕ್ಷಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಸಹಾಯಧನದ ಬದಲು ಊರಿಗೊಂದು ಅಭಿನಂದನಾ ಪತ್ರ ಬಂತು. ಜೊತೆಗೆ ನನಗೊಂದು ಆದೇಶ: ಹಾನಗಲ್, ಶಿಗ್ಗಾಂವಿ, ಸವಣೂರಿನ ರೈತರನ್ನು ಈ ಊರಿಗೆ ಕರೆತಂದು, ನೀರು ಕೆಡದಂತೆ ಒಕ್ಕಲುತನ ಮಾಡುವ ಬಗೆಯನ್ನು ತೋರಿಸಬೇಕು.

ನಾಳೆ ಮೊದಲ ಬಸ್ಸು ಬರುತ್ತದೆ. ತೋರಿಸಲು ಇರುವುದು ಆ ಫಿಲ್ಟರ್ ಘಟಕವೊಂದೇ. ಬೆಳಗಿನಿಂದ ಐದು ರೂಪಾಯಿ ನಾಣ್ಯಗಳಿಗಾಗಿ ಅಂಗಡಿ ಅಂಗಡಿ ಸುತ್ತುತ್ತಿದ್ದೇನೆ.