ಅಕ್ಕೋರ ಕಾಫಿ ಗಿರಣಿ

ನಾವು ಸಣ್ಣವರಿದ್ದ ಕಾಲಕ್ಕೆ ಸಿಂದಗಿಯ ನಮ್ಮ ಓಣಿ ಪೂರಾ ಚಹಾದ ಓಣಿ. ಬೆಳಿಗ್ಗೆ ಎದ್ದರೆ ಚಹಾ, ಬೀಗರು ಬಂದರೆ ಚಹಾ, ಜಗಳ ಮುಗಿದರೂ ಚಹಾ. ಕಾಫಿ ಅಂದರೆ ಕಿರಾಣಿ ಅಂಗಡಿಯಲ್ಲಿ ದಾರಕ್ಕೆ ಜೋತುಬಿದ್ದಿದ್ದ ಪುಡಿಯ ಸಣ್ಣ ಪೊಟ್ಟಣ. ತಲೆನೋವು ಬಂದವರು ಮಾತ್ರ ಅದನ್ನು ಕೊಳ್ಳುತ್ತಿದ್ದರು. ಕಾಫಿಗೆ ಬೀಜ ಇರುತ್ತದೆ, ಅದನ್ನು ಹುರಿಯಬೇಕು, ಬೀಸಬೇಕು ಎಂದು ನನಗೆ ಗೊತ್ತಾದದ್ದು ಐದನೆಯ ಇಯತ್ತೆಯಲ್ಲಿದ್ದಾಗ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ.

ಆ ವರ್ಷ ದೀಪಾವಳಿ ಮುಗಿದ ವಾರಕ್ಕೆ ನಮ್ಮ ಮನೆಯ ಮುಂದಿನ ಕೋಣೆಗೆ ಲಲಿತಮ್ಮ ಎನ್ನುವವರು ಬಾಡಿಗೆಗೆ ಬಂದರು. ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹಾಸನದ ಕಡೆಯಿಂದ ವರ್ಗವಾಗಿ ಬಂದವರು. ಐವತ್ತು ದಾಟಿತ್ತು, ಒಬ್ಬರೇ ಇದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಕರೆಯುವ ಹಾಗೆ ಅವರನ್ನೂ ಓಣಿಯವರು ‘ಅಕ್ಕೋರು’ ಎಂದರು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿಯ ಜೊತೆಗೆ ಅವರು ಮಡಿಲಲ್ಲಿ ಕೂಸಿನಂತೆ ಹಿಡಿದುಕೊಂಡು ಇಳಿದದ್ದು ಒಂದು ಕಾಫಿ ಗಿರಣಿ. ಮೇಲೊಂದು ಹಿತ್ತಾಳೆಯ ಬಟ್ಟಲು, ನಡುವೆ ಎರಕದ ಕಬ್ಬಿಣದ ಹೊಟ್ಟೆ, ಕೆಳಗೆ ಎಳೆದರೆ ಹೊರಬರುವ ಕಟ್ಟಿಗೆಯ ಖಾನೆ, ನೆತ್ತಿಯ ಮೇಲೆ ಬಾಗಿದ ಹಿಡಿಕೆ.

ಮೊದಲ ಭಾನುವಾರ ಅವರು ಬಾಣಲೆಯಲ್ಲಿ ಬೀಜ ಹುರಿದಾಗ ಓಣಿಗೆ ಓಣಿಯೇ ಹೊರಬಂತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು.

“ಅಕ್ಕೋರ, ಏನ ಹೊತ್ತೇತ್ರಿ ಒಳಗ?”

“ಹೊತ್ತಿಲ್ಲ ಅಜ್ಜೀ, ಕಾಫಿ ಬೀಜ ಹುರೀತಿದ್ದೀನಿ.”

“ಹಿಂಗ ಕರ್ರಗ ಮಾಡಿ ಕುಡೀತಾರೇನ್ರಿ? ನಮ್ಮ ಕಡಿ ಇಷ್ಟ ಸುಟ್ರ ಹೊರಗ ಚೆಲ್ತಾರ್ರಿ.”

ಅಕ್ಕೋರು ನಕ್ಕರು. ನಾನು ಆಯಿಯ ಸೊಂಟದ ಪಕ್ಕದಿಂದ ನುಸುಳಿ ಒಳಗೆ ಹೋಗಿಬಿಟ್ಟೆ.

ಅವತ್ತಿನಿಂದ ನನ್ನ ಬೆಳಗು ಆ ಕೋಣೆಯಲ್ಲೇ. ಅಪ್ಪ ಅವ್ವ ನಸುಕಿನಲ್ಲೇ ಜೋಳದ ಹೊಲಕ್ಕೆ ಹೋದರೆ, ನಾನು ಚಾದರ ಹೊದ್ದುಕೊಂಡೇ ಅಕ್ಕೋರ ಮುಂದೆ ಕುಳಿತಿರುತ್ತಿದ್ದೆ. ಅವರು ಎರಡು ಚಮಚ ಬೀಜ ಹಾಕಿ ಗಿರಣಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ತಿರುಗಿಸುತ್ತಿದ್ದರು. ಮೊದಲು ಕಟಕಟ ಎಂದು ಎಲುಬು ಕಡಿದಂಥ ಸದ್ದು, ಆಮೇಲೆ ಸರಸರ, ಕೊನೆಗೆ ಹಿಡಿಕೆ ತಟ್ಟನೆ ಹಗುರಾಗುವುದು.

“ಒಳಗೆ ಎರಡು ಹಲ್ಲಿನ ಚಕ್ರ ಇವೆ ಕಣೆ ಸುವರ್ಣಾ. ಒಂದು ಕೂತಿರುತ್ತೆ, ಒಂದು ತಿರುಗುತ್ತೆ. ನಡುವೆ ಸಂದು ಎಷ್ಟು ಸಣ್ಣದೋ ಪುಡಿ ಅಷ್ಟು ಸಣ್ಣ” ಎಂದು ಹೇಳಿಕೊಟ್ಟರು. ಒಂದು ವಾರಕ್ಕೆ ಹಿಡಿಕೆ ನನ್ನ ಕೈಗೂ ಬಂತು. ಖಾನೆ ಎಳೆದಾಗ ಏಳುವ ಆ ಪರಿಮಳ ನನ್ನ ಬೆರಳಿಗೆ ಮೆತ್ತಿಕೊಂಡು ಸಾಲೆಯವರೆಗೂ ಬರುತ್ತಿತ್ತು. ಗೆಳತಿಯರು ನನ್ನ ಕೈ ಹಿಡಿದು ಮೂಸಿ ನೋಡುತ್ತಿದ್ದರು. ನನಗೆ ಅದೊಂದು ದೊಡ್ಡಸ್ತಿಕೆ.

ಕಾಫಿ ಕುಡಿದ ಆಯಿ ಮಾತ್ರ ಸೋಲಲಿಲ್ಲ. “ಜ್ವಾಳದ ರೊಟ್ಟಿ ಸುಟ್ಟು ತೊಳದ ನೀರ ಇದ್ದಂಗ ಐತಿ” ಎಂದಳು. ಆದರೆ ಲೋಟದಲ್ಲಿ ಒಂದು ಹನಿಯನ್ನೂ ಉಳಿಸಲಿಲ್ಲ.

ಅಕ್ಕೋರು ಸಾಲೆಗೆ ಹೋಗುವಾಗ ಕೋಣೆಯ ಬೀಗದ ಕೈಯನ್ನು ನಮ್ಮ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದರು. ಆ ಬೀಗದ ಕೈ ನನಗೆ ಸಿಕ್ಕದ್ದು ಸಂಕ್ರಾಂತಿಗೆ ನಾಲ್ಕು ದಿನ ಮೊದಲು. ನಮ್ಮ ಸಾಲೆಗೆ ಅವತ್ತು ಸೂಟಿ. ಆಯಿ ಶೇಂಗಾ ಚಟ್ನಿಗೆಂದು ಕಾಳು ಹುರಿದಿಟ್ಟು, ಕುಟ್ಟುವ ಮೊದಲು ಸ್ವಲ್ಪ ಅಡ್ಡಾಗಿದ್ದಳು. ಚಳಿಗೆ ಅವಳ ಮಣಿಕಟ್ಟು ಬಾತಿತ್ತು. ಕುಟ್ಟುವಾಗ ಒಂದೊಂದು ಏಟಿಗೂ ಹಲ್ಲಿಲ್ಲದ ವಸಡು ಕಚ್ಚುವುದನ್ನು ನಾನು ನೋಡಿದ್ದೆ. ಅವಳು ಏಳುವುದರೊಳಗೆ ಚಟ್ನಿ ತಯಾರಾಗಿದ್ದರೆ ಎಷ್ಟು ಖುಷಿಯಾದಾಳು ಎನಿಸಿತು. ಕಲ್ಲಿನಂಥ ಕಾಫಿ ಬೀಜವನ್ನೇ ಪುಡಿ ಮಾಡುವ ಗಿರಣಿಗೆ ಶೇಂಗಾ ಯಾವ ಲೆಕ್ಕ?

ಬೀಗ ತೆಗೆದೆ. ಬಟ್ಟಲ ತುಂಬ ಶೇಂಗಾ ಸುರಿದೆ, ಮೇಲೆ ಒಂದಿಷ್ಟು ಒಣ ಮೆಣಸಿನಕಾಯಿ ಮುರಿದು ಹಾಕಿದೆ. ಹತ್ತು ಸುತ್ತು ಸಲೀಸಾಗಿ ತಿರುಗಿತು. ಆಮೇಲೆ ಬಿಗಿಯಾಯಿತು. ಖಾನೆಯಲ್ಲಿ ಪುಡಿ ಇಲ್ಲ. ಹಲ್ಲುಗಳ ಸಂದಿನಿಂದ ಎಣ್ಣೆಯ ಮುದ್ದೆ ಇಣುಕುತ್ತಿತ್ತು. ಎರಡೂ ಕೈಯಿಂದ ಜೋರಾಗಿ ಎಳೆದೆ. ಕಟ್ ಎಂದಿತು. ಹಿಡಿಕೆ ಅಲ್ಲಿಗೆ ನಿಂತುಬಿಟ್ಟಿತು, ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಅಳುತ್ತ ಗಿರಣಿಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದೆ. ನೀರಿನ ಚರಿಗೆ ಎತ್ತಿದ್ದೆ, ಇನ್ನೇನು ಸುರಿಯಬೇಕು, ಹಿಂದಿನಿಂದ ಆಯಿಯ ದನಿ.

“ಏ, ನೀರ ಹಾಕಬ್ಯಾಡ! ಕಬ್ಬಣಕ್ಕ ಜಂಗ ಹಿಡೀತೈತಿ. ಏನ ಮಾಡಿದಿ ಹುಡುಗಿ?”

ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಗಿರಣಿಯನ್ನು ಇಸಕೊಂಡು ಬಿಸಿಲಿಗೆ ಕುಳಿತಳು. ಸುತ್ತ ತಿರುಗಿಸಿ ನೋಡಿದಳು, ಮೂಸಿದಳು, ಕಿವಿಗಿಟ್ಟು ಹಿಡಿಕೆ ಅಲುಗಿಸಿದಳು.

“ಕಾಳ ಕೇರೂ ಮರ ತಗೊಂಡ ಬಾ. ಇಕ್ಕಳ ತಗೊಂಡ ಬಾ. ಒಂದ ಅರಿಬೀನೂ ತಾ.”

ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಮೇಲಿನ ನಟ್ಟನ್ನು ಬಿಚ್ಚಿದಳು. ಹಿಡಿಕೆ, ಮುಚ್ಚಳ, ಸಣ್ಣದೊಂದು ಸುರುಳಿ ತಂತಿ, ಕೊನೆಗೆ ಹಲ್ಲಿನ ಚಕ್ರ. ಒಂದೊಂದನ್ನೂ ಬಿಚ್ಚಿದ ಸಾಲಿನಲ್ಲೇ ಮರದಲ್ಲಿ ಇಟ್ಟಳು. “ಯಾವದರ ಹಿಂದ ಯಾವದು ಬಂತು ಅನ್ನೂದು ಮರತ್ರ ಮತ್ತ ಜೋಡ್ಸಾಕ ಬರೂದಿಲ್ಲ. ನೋಡಿಕೋ” ಎಂದಳು. ಜೀವಮಾನದಲ್ಲಿ ಅಂಥ ಯಂತ್ರ ಮುಟ್ಟದವಳು, ಸಹಿ ಮಾಡಲು ಬಾರದವಳು. ನಾನು ಅಳುವುದನ್ನು ಮರೆತು ಅವಳ ಬೆರಳನ್ನೇ ನೋಡುತ್ತಿದ್ದೆ.

ಹಲ್ಲುಗಳ ಸಂದಿನಲ್ಲಿ ಶೇಂಗಾದ ಜೊತೆ ಹೊಲದ ಒಂದು ಸಣ್ಣ ಹರಳು ಸಿಕ್ಕಿಕೊಂಡಿತ್ತು. ಜಾಲಿ ಮುಳ್ಳಿನಿಂದ ಅದನ್ನು ಎಬ್ಬಿಸಿದಳು. ಒಂದು ಹಲ್ಲಿನ ತುದಿ ಚೂರು ಮುರಿದಿತ್ತು. ನಾನು ಮತ್ತೆ ಬಿಕ್ಕಿದೆ.

“ಒಂದ ಹಲ್ಲ ಹ್ವಾದ್ರ ಉಣ್ಣೂದು ಬಿಡ್ತಾರೇನ? ನನ್ನ ನೋಡು, ಒಂದೂ ಇಲ್ಲ” ಎಂದು ವಸಡು ತೋರಿಸಿದಳು.

ಮುಳ್ಳಿನಿಂದ ಒಂದೊಂದೇ ಗೆರೆ ಕೆದಕಿದಾಗ ಶೇಂಗಾದ ಮುದ್ದೆಯ ಕೆಳಗೆ ಕಪ್ಪಗೆ ಗಟ್ಟಿಯಾದ ಇನ್ನೊಂದು ಪದರು ಹೊರಟಿತು. ಎಷ್ಟೋ ವರ್ಷಗಳ ಹಳೇ ಕಾಫಿಯ ಕಿಟ್ಟ. ಅದನ್ನೂ ತೆಗೆದಳು. ಮತ್ತೆ ಜೋಡಿಸಿ ಒಂದು ಹಿಡಿ ಒಣ ಜೋಳ ಹಾಕಿ ಬೀಸಿದಳು. ಹಿಟ್ಟು ಎಣ್ಣೆ ಕುಡಿದು ಹಳದಿಯಾಗಿ ಬಂತು. ಎರಡನೆಯ ಹಿಡಿ ಸ್ವಲ್ಪ ಬಿಳಿ. ಮೂರನೆಯದು ಊರಿನ ಹಿಟ್ಟಿನ ಗಿರಣಿಯಿಂದ ಬಂದಷ್ಟೇ ಬಿಳಿ.

“ಇಟ್ಟ ಬರತೇನಿ ಆಯಿ. ಅಕ್ಕೋರಿಗೆ ಗೊತ್ತಾಗೂದಿಲ್ಲ” ಎಂದೆ.

“ಗೊತ್ತಾಗೂದಿಲ್ಲ. ಆದ್ರ ಬೀಗದ ಕೈ ನಮ್ಮ ಹಂತ್ಯಾಕ ಕೊಟ್ಟ ಹೋಗ್ಯಾರ. ಹೇಳಬೇಕು. ನಾ ಬಾಜೂಕ ಕುಂಡರತೇನಿ, ಬಾಯಿ ಮಾತ್ರ ನಿಂದು.”

ಸಂಜೆ ಐದಕ್ಕೆ ಅಕ್ಕೋರು ಬಂದರು. ನಾನು ಎಲ್ಲ ಹೇಳಿದೆ, ಮುರಿದ ಹಲ್ಲನ್ನೂ ಸೇರಿಸಿ. ಅವರು ಗಿರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರು. “ನಮ್ಮಮ್ಮಂದು ಇದು” ಎಂದಷ್ಟೇ ಅಂದು ಒಳಗೆ ಹೋದರು. ಮರುದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಕಟಕಟ ಸದ್ದು ಬರುತ್ತಿತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಬೀಗದ ಕೈ ಅವರ ಪರ್ಸಿನಲ್ಲೇ ಸಾಲೆಗೆ ಹೋಯಿತು. ಅದರ ಮರುದಿನವೂ ಹಾಗೆಯೇ. ಚಾದರ ಹೊದ್ದು ಹೊರಗಿನ ಕಟ್ಟೆಯ ಮೇಲೆ ಕುಳಿತ ನನಗೆ ಆ ಸದ್ದಿನಷ್ಟು ನೋವು ಕೊಟ್ಟದ್ದು ಬೇರೆ ಇರಲಿಲ್ಲ. ಅವರು ಕೋಣೆ ಬಿಟ್ಟು ಹೋಗಿಬಿಡುತ್ತಾರೆ ಎಂದೇ ಅಂದುಕೊಂಡೆ.

ಮೂರನೆಯ ದಿನ ಭಾನುವಾರ. ಅಕ್ಕೋರೇ ನಮ್ಮ ಬಾಗಿಲಿಗೆ ಬಂದರು.

“ಅಜ್ಜೀ, ಸ್ವಲ್ಪ ಬರ್ತೀರಾ? ಪುಡಿ ಒಂದು ಸಲ ದಪ್ಪ ಬರುತ್ತೆ, ಒಂದು ಸಲ ಸಣ್ಣ. ನಟ್ಟು ನೀವು ಬಿಗಿ ಮಾಡಿದ ಹಾಗೇ ಇದೆ, ಆದ್ರೂ ನನಗೆ ಆಗ್ತಿಲ್ಲ.”

ಆಯಿ ಹೋದಳು. ನಾನು ಹೊಸ್ತಿಲಲ್ಲಿ ನಿಂತೆ. ಅವಳು ಗಿರಣಿಯ ಹೊಟ್ಟೆಯ ಮೇಲೆ ಎಡಗೈಯನ್ನು ಇಟ್ಟು, ಕಣ್ಣು ಮುಚ್ಚಿ ನಾಲ್ಕು ಸುತ್ತು ತಿರುಗಿಸಿದಳು. ನಟ್ಟನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿದಳು. ಮತ್ತೆ ತಿರುಗಿಸಿದಳು.

“ಗಿರಣಿ ಸುದ್ದ ಐತ್ರಿ. ಕೈ ಅವಸರ ಮಾಡತೈತಿ. ಬೀಸುವಾಗ ಬಾಯಿ ಸುಮ್ಮನಿದ್ರ ಕೈಗೆ ದಾರಿ ತಪ್ಪತೈತ್ರಿ ಅಕ್ಕೋರ.”

ಹಾಗೆಂದವಳು ಹಾಡಲು ಶುರು ಮಾಡಿದಳು. ಆಯಿಯ ತವರು ಹಲಸಂಗಿ. ಅಲ್ಲಿ ಹೆಣ್ಣುಮಕ್ಕಳು ಬೀಸುತ್ತ ಬೀಸುತ್ತ ಪದ ಕಟ್ಟುತ್ತಿದ್ದರೆಂದು ಕೇಳಿದ್ದೆ. ಆದರೆ ನಾನು ಹುಟ್ಟುವ ಮೊದಲೇ ಊರಿಗೆ ಹಿಟ್ಟಿನ ಗಿರಣಿ ಬಂದು ನಮ್ಮ ಬೀಸುಕಲ್ಲು ಮೂಲೆ ಸೇರಿತ್ತು; ಅವಳು ಹಾಡುವುದನ್ನು ನಾನು ಕೇಳಿಯೇ ಇರಲಿಲ್ಲ. ದನಿ ಒಡೆದಿತ್ತು. ಆದರೂ ಒಂದು ನುಡಿ ಮುಗಿಯುವಲ್ಲಿಗೆ ಹಿಡಿಕೆ ಸರಿಯಾಗಿ ಒಂದು ಸುತ್ತು ಬಂದು ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಬಾತ ಮಣಿಕಟ್ಟು ನೋಯುತ್ತಿದೆ ಎಂದು ಯಾರೂ ಹೇಳುವಂತಿರಲಿಲ್ಲ. ಅಕ್ಕೋರು ಸ್ಟೋವಿನ ಪಕ್ಕ ನಿಂತವರು ನಿಂತೇ ಇದ್ದರು. ಹಾಲು ಉಕ್ಕಿ ಹರಿಯಿತು.

ಖಾನೆ ಎಳೆದಾಗ ಪುಡಿ ರವೆಯ ಹಾಗೆ ಒಂದೇ ಸಮ. ಡಿಕಾಕ್ಷನ್ ಇಳಿದ ಮೇಲೆ ಅಕ್ಕೋರು ಒಂದು ಗುಟುಕು ಕುಡಿದು ನೋಡಿ, ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಆಯಿಗೆ ಕೊಟ್ಟರು.

“ಇಪ್ಪತ್ತು ವರ್ಷದಿಂದ ಈ ರುಚಿ ಬಂದಿರಲಿಲ್ಲ ಅಜ್ಜೀ. ಮಕ್ಕಳಿಗೆ ಸನ್ನೆ, ಚಕ್ರ, ಘರ್ಷಣೆ ಎಲ್ಲ ಪಾಠ ಮಾಡ್ತೀನಿ. ಇದನ್ನ ಬಿಚ್ಚಿ ನೋಡೋ ಧೈರ್ಯ ನನಗೇ ಇರಲಿಲ್ಲ.”

“ಧೈರ್ಯ ಅಲ್ರಿ, ಹೊಟ್ಟಿ. ಬೀಸಲಿಲ್ಲಂದ್ರ ರೊಟ್ಟಿ ಇಲ್ಲ. ಕಲ್ಲ ಕೆಟ್ರ ನಾವ ನೋಡಬೇಕಾಗಿತ್ತು, ಯಾರ ಬರ್ತಿದ್ರು?”

ಅಕ್ಕೋರು ಆಮೇಲೆ ಹೊಸ್ತಿಲ ಕಡೆ ತಿರುಗಿದರು. “ಏನೇ, ಅಲ್ಲೇ ನಿಂತಿದ್ದೀಯ? ಬಾ, ಕೂತ್ಕೋ” ಎಂದರು. ನಾನು ಎಷ್ಟು ಜೋರಾಗಿ ಅತ್ತೆನೆಂದರೆ ಆಯಿಗೇ ನಾಚಿಕೆಯಾಯಿತು.

ಯುಗಾದಿಯವರೆಗೆ ಪ್ರತಿ ಭಾನುವಾರ ಆಯಿಯೇ ಬೀಸಿದಳು. ಬಿಸಿಲು ಏರಿದ ಮೇಲೆ ಅಕ್ಕೋರಿಗೆ ಅವರ ಊರಿನ ಕಡೆಗೇ ವರ್ಗವಾಯಿತು. ಹೊರಡುವ ಮುಂಚೆ ಗಿರಣಿಯನ್ನು ತಾವೇ ಪೂರ್ತಿ ಬಿಚ್ಚಿ, ಮರದಲ್ಲಿ ಸಾಲಾಗಿ ಇಟ್ಟು, ಮತ್ತೆ ಜೋಡಿಸಿ ಆಯಿಗೆ ತೋರಿಸಿದರು. ಆಯಿ “ಬಂತ್ರಿ” ಎಂದಳು. ಸಾಲೆಯಲ್ಲಿ ಯಾರೂ ಯಾರಿಗೂ ಅಷ್ಟು ಹೆಮ್ಮೆಯಿಂದ ‘ಪಾಸಾದಿ’ ಎಂದು ಹೇಳಿರಲಿಕ್ಕಿಲ್ಲ.

ಆಯಿ ಹೋಗಿ ಬಹಳ ವರ್ಷಗಳಾದವು. ನಾನೀಗ ವಿಜಯಪುರದಲ್ಲಿದ್ದೇನೆ. ಚಹಾದ ಮನೆಯಲ್ಲಿ ಹುಟ್ಟಿದವಳು ದಿನಾ ಬೀಜ ಪುಡಿ ಮಾಡಿಯೇ ಕಾಫಿ ಕುಡಿಯುತ್ತೇನೆ. ನನ್ನದು ಕರೆಂಟಿನ ಗಿರಣಿ; ಒಂದು ಗುಂಡಿ ಒತ್ತಿದರೆ ನನ್ನ ಕೈಯ ಅವಸರವನ್ನೂ ಕೇಳದೆ ಒಂದೇ ಸಮ ಪುಡಿ ಮಾಡಿ ತಾನೇ ನಿಲ್ಲುತ್ತದೆ. ಕಾಫಿ ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳಲಾರೆ. ಹಿತ್ತಲ ಬಿಸಿಲಿನಲ್ಲಿ ಕುಳಿತು ಬಿಚ್ಚುವುದು, ಕಟ್ಟುವುದು ನನಗೂ ಒಂದಿಷ್ಟು ಬರುತ್ತದೆ. ಬಾರದೆ ಉಳಿದದ್ದು ಆ ಪದ. ರಾಗ ಅರ್ಧಂಬರ್ಧ ಗುನುಗಬಲ್ಲೆ. ಮಾತು ಒಂದೂ ನೆನಪಿಲ್ಲ. ಎಷ್ಟು ಭಾನುವಾರ ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದೆ. ನನಗೆ ಬರೆಯಲು ಬರುತ್ತಿತ್ತು, ಪಕ್ಕದಲ್ಲಿ ಪಾಟಿಚೀಲವೂ ಇರುತ್ತಿತ್ತು. ನನ್ನ ಕಣ್ಣು ಮಾತ್ರ ಖಾನೆಯಲ್ಲಿ ಪುಡಿ ತುಂಬಿತೋ ಇಲ್ಲವೋ ಎನ್ನುವುದರ ಮೇಲಿತ್ತು.